ತುಳಸಿ ಕುಡಿಯಲ್ಲಿ ಬಿಳಿ ಹುಳ: ಹಿಟ್ಟು ತಿಗಣೆಯೋ, ಅದನ್ನು ತಿನ್ನುವುದೋ?

ಸೊಪ್ಪಿನಬೆಟ್ಟ (ಶಿರಸಿ)

ಹತ್ತು ಗುಂಟೆಯಲ್ಲಿ ಕೃಷ್ಣ ತುಳಸಿ ಇದೆ, ಸಸಿ ನೆಟ್ಟು ಎಪ್ಪತ್ತು ದಿನ. ಇನ್ನು ಮೂರು ವಾರಕ್ಕೆ ಮೊದಲ ಕೊಯ್ಲು. ಎಲೆ ಒಣಗಿಸಿ ಕೊಡುವುದು. ಕೊಳ್ಳುವವರು ಕೀಟನಾಶಕದ ಉಳಿಕೆ ಪರೀಕ್ಷೆ ಮಾಡಿಸದೆ ಮಾಲು ಮುಟ್ಟುವುದಿಲ್ಲ.

ಎಂಟು ದಿನದಿಂದ ಕುಡಿಗಳಲ್ಲಿ, ಎಲೆತೊಟ್ಟಿನ ಸಂದಿಯಲ್ಲಿ ಹತ್ತಿ ಅಂಟಿಸಿದ ಹಾಗೆ ಬಿಳಿ. ಬಿಡಿಸಿ ನೋಡಿದರೆ ಎರಡು ತರಹದ್ದು. ಒಂದು ಅಕ್ಕಿನುಚ್ಚಿನಷ್ಟು, ಚಪ್ಪಟೆ, ಕೂತಲ್ಲೇ ಕೂತಿರುತ್ತದೆ. ಇನ್ನೊಂದು ಅದರ ಮೂರು ಪಟ್ಟು ಉದ್ದ, ಮೈತುಂಬ ಬಿಳಿ ನೂಲಿನ ಕುಚ್ಚು, ಕಡ್ಡಿ ತಾಗಿಸಿದರೆ ಓಡುತ್ತದೆ. ಅಂಗಡಿಯಲ್ಲಿ ಫೋಟೋ ತೋರಿಸಿದ್ದಕ್ಕೆ ‘ಎರಡೂ ಹಿಟ್ಟು ತಿಗಣೆ, ದೊಡ್ಡದು ತಾಯಿ’ ಅಂತ ಹೇಳಿ ಇಮಿಡಾಕ್ಲೋಪ್ರಿಡ್ ಬರೆದುಕೊಟ್ಟರು. ಹೊಡೆದಿಲ್ಲ.

ದೊಡ್ಡದು ನಿಜಕ್ಕೂ ಏನು? ಬೇವಿನೆಣ್ಣೆ ಹೊಡೆಯಬಹುದಾ? ತಿಗಣೆ ತಿನ್ನುವ ದುಂಬಿ ತರಿಸಿ ಬಿಡುವುದಿದ್ದರೆ ಎಷ್ಟು, ಎಲ್ಲಿಂದ? ಪಕ್ಕದ ಅಡಿಕೆ ತೋಟದಲ್ಲಿ ನೆಲಕ್ಕೆ ಹಬ್ಬಿಸಿದ ಹಿಪ್ಪಲಿಯ ಎಳೆ ಎಲೆಗಳಲ್ಲಿ ಕರಿ ಚುಕ್ಕೆ ಬಿದ್ದು ಮುರುಟುತ್ತಿವೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?


ಭೂತಗನ್ನಡಿ

ಹೊಡೆಯದೆ ಕೇಳಿದ್ದು ಒಳ್ಳೆಯದಾಯಿತು. ಓಡುವುದು ತಾಯಿಯಲ್ಲ, ತಿನ್ನಲು ಬಂದದ್ದು. ನೀವು ಹೇಳಿದ ಅಳತೆಗೆ ಅದು ಕ್ರಿಪ್ಟೋಲೇಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಹಿಟ್ಟು ತಿಗಣೆಯ ಹೆಣ್ಣು ಬೆಳೆದರೂ 3–5 ಮಿಲಿಮೀಟರ್ ದಾಟುವುದಿಲ್ಲ. ಈ ಮರಿ 12–13 ಮಿಲಿಮೀಟರ್‌ವರೆಗೆ ಬರುತ್ತದೆ. ಬೇಟೆಯ ವೇಷವನ್ನೇ ಹಾಕಿಕೊಂಡಿರುವುದರಿಂದ ಇರುವೆಗೂ ಮೋಸ, ಮದ್ದು ಹೊಡೆಯುವವರಿಗೂ ಮೋಸ.

ಖಚಿತ ಮಾಡಿಕೊಳ್ಳುವುದು ಹೀಗೆ. ಒಂದು ಕುಡಿ ಚಿವುಟಿ ಕಪ್ಪು ಬಟ್ಟೆ ಅಥವಾ ಕರಿ ತಟ್ಟೆಯ ಮೇಲೆ ಬಿಸಿಲಿಗೆ ಇಡಿ. ಒಂದು ನಿಮಿಷದೊಳಗೆ ಎಲೆ ಬಿಟ್ಟು ತಟ್ಟೆಯ ಅಂಚಿಗೆ ಹೋಗುವುದು ಪರಭಕ್ಷಕ. ತಿಗಣೆಗೂ ಆರು ಕಾಲಿದೆ, ಆದರೆ ಮೇಲಿನಿಂದ ಕಾಣುವುದಿಲ್ಲ, ನಡೆದರೂ ಬೆರಳಗಲ ಹೋಗಲು ಹೊತ್ತು ಹಿಡಿಯುತ್ತದೆ. ಆಮೇಲೆ 10 ಪಟ್ಟಿನ ಗಾಜಿನಲ್ಲಿ ನೋಡಿ. ತಿಗಣೆಯ ಮೇಣ ಹಿಟ್ಟು ಉದುರಿಸಿದ ಹಾಗೆ ಇರುತ್ತದೆ, ಅಂಚಿನಲ್ಲಿ ಮಾತ್ರ ಗಿಡ್ಡ ಕಡ್ಡಿಗಳು. ಕ್ರಿಪ್ಟೋಲೇಮಸ್ ಮರಿಯ ಮೇಣ ಬಿಡಿಬಿಡಿ ಜಡೆ. ಹುಲ್ಲುಕಡ್ಡಿಯಿಂದ ಸರಿಸಿದರೆ ಕೆಳಗೆ ಬೂದುಬಣ್ಣದ ಮೈ, ಮುಂದುಗಡೆ ಮೂರು ಜೊತೆ ಗಟ್ಟಿ ಕಾಲು. ಹಿಚುಕಿ ನೋಡುವ ಅಭ್ಯಾಸ ಬೇಡ.

ಅದೇ ಗುಂಪಿನಲ್ಲಿ ಇನ್ನೂ ಎರಡು ಬಿಳಿ ಮೈಯವು ಸಿಗಬಹುದು. 4–5 ಮಿಲಿಮೀಟರ್ ಮೀರದ, ಬಿಳಿ ಕುಚ್ಚಿನ, ಚುರುಕಾದ ಮರಿಯಾದರೆ ಸ್ಕಿಮ್ನಸ್. ಅದೂ ಗುಲಗಂಜಿ ಜಾತಿಯದೇ, ದೊಡ್ಡದಾದಾಗ ಸಾಸಿವೆ ಗಾತ್ರದ ಕಂದು ದುಂಬಿ. ಮೂರನೆಯದು ಚಿಟ್ಟೆಯ ಮರಿ, ಸ್ಪಾಲ್ಗಿಸ್ ಎಪಿಯಸ್. ಚಿಟ್ಟೆಮರಿ ಅಂದರೆ ಎಲೆ ತಿನ್ನುವುದು ಎಂದು ಕೈ ಚಾಚುವ ಮೊದಲು ನಿಲ್ಲಿ. ಇದು ಎಲೆ ಮುಟ್ಟುವುದಿಲ್ಲ, ಹಿಟ್ಟು ತಿಗಣೆಯ ಮೊಟ್ಟೆಚೀಲವನ್ನು ಬಗೆದು ತಿನ್ನುತ್ತದೆ. ಗೊಂಡೆಹುಳದ ಹಾಗೆ ಮೆದು, ಮಂದಗತಿ, ಬೆನ್ನ ಮೇಲೆ ತಿಗಣೆಯದೇ ಹಿಟ್ಟು ಮೆತ್ತಿರುತ್ತದೆ. ಆದ್ದರಿಂದ ಓಟದ ಪರೀಕ್ಷೆ ಇದಕ್ಕೆ ನಡೆಯದು. ಕೋಶ ನೋಡಿದರೆ ಮಾತ್ರ ಗುರುತು ತಪ್ಪುವುದಿಲ್ಲ: ಎಲೆಗೋ ಕಾಂಡಕ್ಕೋ ಅಂಟಿದ ಅರ್ಧ ಸೆಂಟಿಮೀಟರ್‌ನ ಕಂದು ಗಂಟಿನಲ್ಲಿ ಎರಡು ಕಣ್ಣು, ಮೂಗು, ತುಟಿ, ಥೇಟ್ ಮಂಗನ ಮುಖ.

ಇಮಿಡಾಕ್ಲೋಪ್ರಿಡ್ ಅಂತರ್ವ್ಯಾಪಿ ವಿಷ, ಗಿಡದ ರಸಕ್ಕೇ ಇಳಿಯುತ್ತದೆ. ಎಲೆ ಮಾರುವ ಬೆಳೆಗೆ ಕೊಯ್ಲಿನ ಮೂರು ವಾರ ಮೊದಲು ಅದನ್ನು ಕೊಟ್ಟರೆ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಭಯ ಒಂದು. ವಿಷದ ರಸ ಕುಡಿದ ತಿಗಣೆಯನ್ನು ತಿಂದ ಮರಿಗಳೂ ಸಾಯುತ್ತವೆ, ಹೂವಿಗೆ ಬರುವ ತುಡುವೆ ಜೇನಿಗೂ ಪಾಲು ಹೋಗುತ್ತದೆ.

ಒಂದು ಕೇಳಬೇಕು: ಆ ಕುಡಿಗಳಲ್ಲಿ ಇರುವೆ ಇದೆಯಾ? ಎಷ್ಟು, ಯಾವುದು?


ಅಘನಾಶಿನಿ ದಂಡೆ (ಕುಮಟಾ)

ಹಿಂದಿನವರು ಇರುವೆ ಕೇಳಿದ್ದೇ ಮುಖ್ಯ ಪ್ರಶ್ನೆ. ಹಿಟ್ಟು ತಿಗಣೆ ಸಿಹಿ ಅಂಟು ಸುರಿಸುತ್ತದೆ, ಇರುವೆ ಅದನ್ನು ಹಾಲು ಕರೆದ ಹಾಗೆ ಕರೆದುಕೊಳ್ಳುತ್ತದೆ, ಬದಲಿಗೆ ಕಾವಲು ಕಾಯುತ್ತದೆ. ಕ್ರಿಪ್ಟೋಲೇಮಸ್ ಮರಿ ಮೇಣದ ರಕ್ಷಣೆಯಲ್ಲಿ ಒಂದಷ್ಟು ನಿಭಾಯಿಸುತ್ತದೆ. ಆದರೆ ಮೊಟ್ಟೆ ಇಡಲು ಬರುವ ದುಂಬಿಯನ್ನು ಇರುವೆ ಕೂರಲು ಬಿಡುವುದಿಲ್ಲ. ದುಡ್ಡು ಕೊಟ್ಟು ದುಂಬಿ ತರಿಸಿ ಬಿಟ್ಟವರಿಗೆ ‘ಎರಡೇ ದಿನದಲ್ಲಿ ಒಂದೂ ಇಲ್ಲ’ ಆಗುವುದು ಹೆಚ್ಚಾಗಿ ಇದರಿಂದ.

ಮರವಾದರೆ ಕಾಂಡಕ್ಕೆ ನಾಲ್ಕು ಬೆರಳಗಲದ ಪಟ್ಟಿ ಸುತ್ತಿ ಗ್ರೀಸ್ ಬಳಿದು ಮುಗಿಸಬಹುದು. ಮೊಣಕಾಲೆತ್ತರದ ತುಳಸಿಗೆ ಅದು ಆಗದ ಮಾತು. ಇಲ್ಲಿ ನಡೆಯುವುದು ಸಿಹಿ ಪಾಷಾಣ: 100 ಮಿಲಿಲೀಟರ್ ಬಿಸಿನೀರಿಗೆ 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಆಸಿಡ್ ಪುಡಿ. ಕರಗಿದ ಮೇಲೆ ಹತ್ತಿಯಲ್ಲಿ ನೆನೆಸಿ ಸಣ್ಣ ಡಬ್ಬಿಯಲ್ಲಿಟ್ಟು, ಇರುವೆ ಸಾಲಿನ ಮಗ್ಗುಲಲ್ಲಿ ಕರಟ ಮುಚ್ಚಿಡಬೇಕು. ಎರಡು–ಮೂರು ಸಾಲಿಗೆ ಹತ್ತು ಹೆಜ್ಜೆಗೊಂದು ಸಾಕು. ಪುಡಿ ಜಾಸ್ತಿ ಹಾಕಿದರೆ ಬೇಗ ಕೆಲಸ ಆಗುತ್ತದೆ ಎಂದುಕೊಂಡರೆ ತಪ್ಪು. ಶೇ. 1 ದಾಟಿದರೆ ತಿಂದ ಇರುವೆ ದಾರಿಯಲ್ಲೇ ಸಾಯುತ್ತದೆ, ಗೂಡಿಗೆ ಒಯ್ದು ರಾಣಿಗೆ, ಮರಿಗಳಿಗೆ ಉಣಿಸುವುದಿಲ್ಲ. ಫಲ ಕಾಣಲು ಒಂದೆರಡು ವಾರ ಬೇಕು.

ಜೇನು ಇದ್ದರೆ ಜಾಗ್ರತೆ. ಡಬ್ಬಿಗೆ 3 ಮಿಲಿಮೀಟರ್ ತೂತು ಕೊರೆದರೆ ತುಡುವೆ ನುಗ್ಗದು, ನುಸರಿ ಜೇನು ನುಗ್ಗುತ್ತದೆ. ಹಾಗಾಗಿ ಕತ್ತಲಾದ ಮೇಲೆ ಇಟ್ಟು ಬೆಳಕು ಹರಿಯುವ ಮೊದಲು ಎತ್ತಿಬಿಡಿ. ಸಾವಯವ ದೃಢೀಕರಣ ಇದ್ದರೆ ಇದಕ್ಕೆ ಕೈ ಹಾಕುವ ಮೊದಲು ತಪಾಸಣೆಯವರನ್ನು ಕೇಳಿ.

ಗಿಡದ ಬುಡದಲ್ಲಿ ದರಕಿನ (ಒಣ ಎಲೆಯ) ಹೊದಿಕೆ ದಪ್ಪ ಇದ್ದರೆ ಅಲ್ಲೇ ಗೂಡು ಕಟ್ಟಿರುತ್ತವೆ. ಕಾಂಡದಿಂದ ಒಂದು ಗೇಣು ಹಿಂದಕ್ಕೆ ಸರಿಸಿ. ಪೂರ್ತಿ ತೆಗೆಯಬೇಡಿ, ಜೇಡ, ನೆಲದುಂಬಿ ಬದುಕುವುದು ಅಲ್ಲಿಯೇ.

ಮನೆ ಹತ್ತಿರ ದಾಸವಾಳದ ಬೇಲಿ ಇದೆಯಾ ನೋಡಿ. ದಾಸವಾಳ ಹಿಟ್ಟು ತಿಗಣೆಯ ತವರು. ಆದರೆ ಬೇಲಿ ಕಡಿಸಬೇಡಿ, ಕ್ರಿಪ್ಟೋಲೇಮಸ್ ಬೀಡು ಬಿಟ್ಟಿರುವುದೂ ಅಲ್ಲಿಯೇ.


ಸೊಪ್ಪಿನಬೆಟ್ಟ (ಶಿರಸಿ)

ಕರಿ ತಟ್ಟೆಯಲ್ಲಿಟ್ಟು ನೋಡಿದೆ. ಮೂರು ಕುಡಿಯಲ್ಲಿ ಐದು ಓಡಿದವು. ಸಣ್ಣ ಕಪ್ಪಿರುವೆ ಇದೆ, ಕುಡಿಗೆ ಹತ್ತು–ಹದಿನೈದು. ದಾಸವಾಳವೂ ಇದೆ. ಮುತ್ತಿರುವುದು ಒಟ್ಟು ನೂರೈವತ್ತು ಗಿಡ ಇರಬಹುದು, ಹೆಚ್ಚಿನವು ಮಣ್ಣು ರಸ್ತೆಯ ಬದಿಗೆ. ಬದನೆ ಸಾಲಿನಲ್ಲಿಯೂ ಕೇಸರಿ ಬಣ್ಣದ ಚುಕ್ಕೆ ಗುಲಗಂಜಿ ಹುಳ ತುಂಬಾ ಇವೆ. ಅವನ್ನು ಹಿಡಿದು ತುಳಸಿಗೆ ಬಿಟ್ಟರೆ ಆದೀತಾ?


ಭೂತಗನ್ನಡಿ

ಬದನೆಯವನ್ನು ಬಿಡಬೇಡಿ ಮಾರಾಯ್ರೆ! ಅದು ಬಹುತೇಕ ಹಡ್ಡಾ ದುಂಬಿ, ಎಪಿಲಾಕ್ನಾ. ಗುಲಗಂಜಿ ಕುಟುಂಬದಲ್ಲೇ ಹುಟ್ಟಿ ಸಸ್ಯಾಹಾರಿಯಾದ ಜಾತಿ. ಬದನೆ ಮತ್ತು ಅಶ್ವಗಂಧದ ಎಲೆಯನ್ನು ಕೆರೆದು ಜರಡಿ ಮಾಡುತ್ತದೆ. ಬೆನ್ನು ಮಂಕು, ಗಾಜಿನಲ್ಲಿ ನೋಡಿದರೆ ಸಣ್ಣ ರೋಮ, 28 ಚುಕ್ಕೆ. ಮಾಂಸಾಹಾರಿ ಗುಲಗಂಜಿಯ ಬೆನ್ನು ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತದೆ. ಮರಿಯಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ: ಹಡ್ಡಾ ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು, ಮೆಲ್ಲಗೆ ಹರಿಯುತ್ತದೆ. ಒಳ್ಳೆಯದರ ಮರಿ ಕರಿ–ಬೂದು, ಕಿತ್ತಳೆ ಮಚ್ಚೆ, ಪುಟ್ಟ ಮೊಸಳೆಯ ಆಕಾರ, ನಿಲ್ಲದೆ ಓಡಾಟ. ಮೊಟ್ಟೆ ಎರಡರದ್ದೂ ಹಳದಿ, ನೆಟ್ಟಗೆ ನಿಂತಿರುತ್ತವೆ. ಹಡ್ಡಾದ್ದು ಒಂದಕ್ಕೊಂದು ತಾಗದ ಹಾಗೆ ಬಿಡಿಯಾಗಿ, ಒಳ್ಳೆಯದರದ್ದು ಒತ್ತೊತ್ತಾಗಿ ಸಸ್ಯಹೇನಿನ ಗುಂಪಿನ ಹತ್ತಿರ.

ಒಂದು ವೇಳೆ ಒಳ್ಳೆಯದೇ ಸಿಕ್ಕಿದರೂ, ಹೇನು ತಿನ್ನುವ ಆರುಚುಕ್ಕೆ ಗುಲಗಂಜಿಯನ್ನು ಹಿಟ್ಟು ತಿಗಣೆಯ ಮೇಲೆ ಬಿಟ್ಟರೆ ಎರಡು ತಿಂದು ಹಾರಿಹೋಗುತ್ತದೆ. ಯಾವುದಕ್ಕೆ ಯಾವುದು ಎನ್ನುವುದು ಇಲ್ಲಿ ಬಹಳ ಮುಖ್ಯ.

ಈಗ ಕೊಳ್ಳುವ ವಿಷಯ. ಮೂರು ಕುಡಿಗೆ ಐದು ಮರಿ ಇದೆ ಅಂದರೆ ನಿಮಗೆ ಕೊಳ್ಳುವ ಅಗತ್ಯವೇ ಇಲ್ಲ, ಇರುವೆ ಇಳಿಸಿ ಕಾಯಿರಿ. ಮೊಟ್ಟೆ ಒಡೆಯಲು ನಾಲ್ಕೈದು ದಿನ, ಮರಿಯಾಗಿ ಎರಡರಿಂದ ಮೂರು ವಾರ, ಕೋಶದಲ್ಲಿ ಒಂದು ವಾರದ ಮೇಲೆ. ಒಂದು ತಲೆಮಾರಿಗೆ ಹೆಚ್ಚುಕಡಿಮೆ ತಿಂಗಳು. ಇಪ್ಪತ್ತು ಗಿಡಕ್ಕೆ ಕೆಂಪು ದಾರ ಕಟ್ಟಿ, ಮೂರು ದಿನಕ್ಕೊಮ್ಮೆ ಅವೇ ಗಿಡಗಳಲ್ಲಿ ಮುತ್ತಿದ ಕುಡಿ ಎಷ್ಟು, ಮರಿ ಇರುವ ಕುಡಿ ಎಷ್ಟು ಎಂದು ಬರೆದಿಡಿ. ಮುತ್ತಿದ ಕುಡಿಗಳಲ್ಲಿ ಅರ್ಧದಷ್ಟರಲ್ಲಿ ಮರಿ ಇದ್ದು, ಹೊಸ ಗಿಡಕ್ಕೆ ತಿಗಣೆ ಹತ್ತದಿದ್ದರೆ ಕೈ ಕಟ್ಟಿ ಕೂರಬಹುದು. ಎರಡು ಎಣಿಕೆಯಲ್ಲೂ ಮರಿ ಕಡಿಮೆಯಾಗುತ್ತ ತಿಗಣೆ ಹೆಚ್ಚುತ್ತಿದ್ದರೆ ಮಾತ್ರ ಹೊರಗಿನಿಂದ ತರಿಸಿ.

ತರಿಸುವುದಾದರೆ ಬೆಂಗಳೂರಿನ ಎನ್‌ಬಿಎಐಆರ್ (ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ) ಜೀವಂತ ಕೀಟಗಳನ್ನು ಒದಗಿಸುವ ಸಂಸ್ಥೆ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಕೇಳಿದರೆ ಸುಲಭ. ದ್ರಾಕ್ಷಿಗೆ ಬಳ್ಳಿಗೆ 10 ದುಂಬಿ ಎಂಬ ಲೆಕ್ಕವಿದೆ. ತುಳಸಿಗೆ ಗಿಡದ ಲೆಕ್ಕ ಹಿಡಿದರೆ ದುಡ್ಡು ದಂಡ. ಹತ್ತಿರ ಹತ್ತಿರ ಮುತ್ತಿದ ಗಿಡಗಳ ಒಂದೊಂದು ಗುಂಪಿಗೆ 10–15 ಬಿಟ್ಟರೆ ಸಾಕು. ರಾತ್ರಿ ಬಸ್ಸಿನಲ್ಲಿ ಬರುವುದಾದರೆ ಡಬ್ಬಿಯನ್ನು ಡಿಕ್ಕಿಗೆ ಹಾಕಿಸಬೇಡಿ, ಇಂಜಿನ್ ಬಿಸಿಗೆ ಬೆಂದು ಬರುತ್ತವೆ. ಬಂದ ದಿನವೇ ಸಂಜೆ, ಗಿಡ ಒಣಗಿರುವಾಗ, ತಿಗಣೆ ದಟ್ಟ ಇರುವ ಕುಡಿಯ ಮೇಲೇ ತಟ್ಟಿ. ತಿಗಣೆ ತೀರ ಕಡಿಮೆ ಇದ್ದಲ್ಲಿ ಇದು ನಿಲ್ಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಿಸುವುದೇ ಬೇಡ. ನಮ್ಮ ಮಳೆಗೆ ತಿಗಣೆಯೂ ತೊಳೆದುಹೋಗುತ್ತದೆ, ದುಂಬಿಯೂ ಹೋಗುತ್ತದೆ.

(ಈ ದುಂಬಿಯನ್ನು ಭಾರತಕ್ಕೆ ಆಸ್ಟ್ರೇಲಿಯಾದಿಂದ ತಂದದ್ದು 1898ರಲ್ಲಿ, ಕಾಫಿಯ ಹಸಿರು ಶಲ್ಕಕೀಟಕ್ಕೆಂದು. ಆ ಕೆಲಸ ಮಾಡಲಿಲ್ಲ, ಹಿಟ್ಟು ತಿಗಣೆಯ ಬೆನ್ನು ಹತ್ತಿ ಇಲ್ಲೇ ನೆಲೆಯಾಯಿತು.)

ರಸ್ತೆ ಬದಿಗೇ ಹೆಚ್ಚು ಎಂದಿರಲ್ಲ, ಅದು ಕೆಮ್ಮಣ್ಣಿನ ಧೂಳಿನ ಕೆಲಸ. ಧೂಳು ಕೂತ ಎಲೆಯ ಮೇಲೆ ಸಣ್ಣ ಪರಭಕ್ಷಕಗಳಿಗೆ ಓಡಾಡಲು, ಹುಡುಕಲು ಆಗುವುದಿಲ್ಲ. ತಿಗಣೆಗೆ ಧೂಳು ಬಾಧಕವಲ್ಲ, ಸೊಂಡಿಲು ಚುಚ್ಚಿ ಕೂತೇ ಇರುತ್ತದೆ. ಆ ಅಂಚಿಗೆ ಎರಡು ಸಾಲು ಮೆಕ್ಕೆಜೋಳ ದಟ್ಟವಾಗಿ ಹಾಕಿದರೆ ಧೂಳೂ ತಡೆಯುತ್ತದೆ, ಅದರ ಹೇನು ತುಳಸಿಗೆ ಹತ್ತುವುದಿಲ್ಲ, ಆ ಹೇನಿಗಾಗಿ ಗುಲಗಂಜಿ, ಸಿರ್ಫಿಡ್ ನೊಣ (ಇದರ ಮರಿಯೂ ಹೇನು ತಿನ್ನುವುದು) ಮೊದಲೇ ಬಂದು ಕೂತಿರುತ್ತವೆ.


ಕರಿಮುಂಡ

ಬೇವಿನೆಣ್ಣೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಲೀಟರಿಗೆ 5 ಮಿಲಿಲೀಟರ್ ಎಣ್ಣೆ, ಜೊತೆಗೆ ಸ್ವಲ್ಪ ಸೋಪು. ಸಂಜೆ ಹೊಡೆಯಿರಿ. ಬೇವು ಒಳ್ಳೆಯ ಹುಳಕ್ಕೆ ಏನೂ ಮಾಡುವುದಿಲ್ಲ.


ಭೂತಗನ್ನಡಿ

‘ಏನೂ ಮಾಡುವುದಿಲ್ಲ’ ಎನ್ನುವುದನ್ನು ಒಪ್ಪಲಾರೆ. ಬೆಳೆದ ದುಂಬಿಗೆ ಹೆಚ್ಚು ತೊಂದರೆಯಿಲ್ಲ, ನಿಜ. ಆದರೆ ಬೇವಿನ ಅಜಾಡಿರಾಕ್ಟಿನ್ ಕೆಲಸ ಮಾಡುವುದೇ ಪೊರೆ ಕಳಚುವುದನ್ನು ತಡೆದು. ಮರಿ ಯಾರದ್ದಾದರೇನು? ನೆನೆದ ಗುಲಗಂಜಿ ಮರಿ ಕೋಶ ಕಟ್ಟಲಾರದೆ ಸಾಯಬಹುದು, ಸಿರ್ಫಿಡ್ ಮರಿ ಇನ್ನೂ ಸೂಕ್ಷ್ಮ. ಹಾಗಾಗಿ ಇಡೀ ತಾಕಿಗೆ ಬೇಡ; ಎಣಿಕೆಯಲ್ಲಿ ಮರಿ ಇಲ್ಲದ, ತಿಗಣೆ ಮಾತ್ರ ಇರುವ ಗಿಡಗಳಿಗೆ ಕೈಪಂಪಿನಲ್ಲಿ ಎಲೆಯಡಿಗೆ ತಾಗುವ ಹಾಗೆ ಹೊಡೆಯಿರಿ. ಕೊಯ್ಲಿಗೆ ಹದಿನೈದು ದಿನ ಇರುವಾಗ ಅದನ್ನೂ ನಿಲ್ಲಿಸಿ, ಒಣಗಿದ ಎಲೆಯಲ್ಲಿ ಬೇವಿನ ವಾಸನೆ ಉಳಿದರೆ ತುಳಸಿಯ ಪರಿಮಳಕ್ಕೆ ಬೆಲೆ ಇಲ್ಲ.

ಮೀನೆಣ್ಣೆ ಸೋಪು ಹಿಟ್ಟು ತಿಗಣೆಗೆ ಚೆನ್ನಾಗಿ ನಡೆಯುತ್ತದೆ, ಅದನ್ನು ದಾಸವಾಳದ ಬೇಲಿಗೆ ಇಟ್ಟುಕೊಳ್ಳಿ. ತುಳಸಿಗೆ ಮೀನೆಣ್ಣೆ ಹೊಡೆದೆ ಅಂತ ಕೊಳ್ಳುವವರಿಗೆ ಹೇಳುವುದು ಹೇಗೆ ಎಂಬ ಪ್ರಶ್ನೆ ಬೇರೆ ಇದೆಯಲ್ಲ.


ಕರಿಮುಂಡ

ಸರಿ, ಮರಿಗಳ ವಿಷಯ ತಲೆಯಲ್ಲಿರಲಿಲ್ಲ. ಹಿಪ್ಪಲಿ ಬಗ್ಗೆ ಹೇಳುತ್ತೇನೆ.

ಎಳೆ ಎಲೆಯಲ್ಲಿ ಮೊದಲು ನೀರು ತುಂಬಿದಂಥ ಚುಕ್ಕೆ, ಆಮೇಲೆ ಕಪ್ಪಾಗಿ ಮುರುಟುವುದು ಚಹಾ ಸೊಳ್ಳೆಯ, ಹೆಲೋಪೆಲ್ಟಿಸ್‌ನ ಗುರುತು. ತುಳಸಿಯ ತಿಗಣೆಗೂ ಇದಕ್ಕೂ ಸಂಬಂಧವಿಲ್ಲ. ಗೇರು ಬೆಳೆದವರಿಗೆ ಇದು ಹೊಸದಲ್ಲ. ಬಿಸಿಲಿನಲ್ಲಿ ನೋಡಿದರೆ ಸಿಗುವುದಿಲ್ಲ, ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಎಲೆ ಮಗುಚಿ ನೋಡಿ: ತೆಳ್ಳನೆಯ ಮೈ, ಉದ್ದ ಕಾಲು, ಬೆನ್ನ ಮೇಲೆ ಗುಂಡುಸೂಜಿ ನೆಟ್ಟ ಹಾಗೆ ಒಂದು ಕಡ್ಡಿ. ಇದಕ್ಕೆ ಕ್ರಿಪ್ಟೋಲೇಮಸ್ ಉಪಯೋಗಕ್ಕೆ ಬಾರದು. ಹಿಡಿಯುವುದು ಜೇಡ, ಕೊಲೆಗಡುಕ ತಿಗಣೆ, ಸೂರ್ಯನ ಕುದುರೆ, ಎಲ್ಲಕ್ಕಿಂತ ಚಗಳಿ (ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ).

ಚಗಳಿ ಇರುವಲ್ಲಿ ಚಹಾ ಸೊಳ್ಳೆ ನಿಲ್ಲುವುದು ಕಷ್ಟ. ಆದರೆ ಅದೇ ಚಗಳಿ ಹಿಟ್ಟು ತಿಗಣೆಯನ್ನು ಸಾಕುತ್ತದೆ, ಹಿಪ್ಪಲಿ ಕಾಯಿ ಬಿಡಿಸುವವರ ಕೈಯನ್ನೂ ಬಿಡುವುದಿಲ್ಲ. ತೋಟದಂಚಿನ ಮರದಲ್ಲಿ ಗೂಡಿದ್ದರೆ ಹಾಗೇ ಇರಲಿ, ಕಿತ್ತು ತುಳಸಿ ಕಡೆ ತರಬೇಡಿ. ತುಳಸಿ ತಾಕಿಗೆ ತಾಗುವ ಕೊಂಬೆ ಇದ್ದರೆ ಸವರಿಬಿಡಿ, ಚಗಳಿಗೆ ಅದು ಸೇತುವೆ.

ಮಳೆಗಾಲಕ್ಕೆ ಒಂದು ಮಾತು. ಅಡಿಕೆಗೆ ಕೊಳೆಮದ್ದು ಹೊಡೆದಾಗ ಕೆಳಗಿನ ಹಿಪ್ಪಲಿ ಮೇಲೆ ಬೋರ್ಡೋ (ಮೈಲುತುತ್ತ–ಸುಣ್ಣದ ದ್ರಾವಣ) ಸುರಿಯುತ್ತದೆ. ಶೇ. 1ರ ದ್ರಾವಣ ಎಂದರೆ 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ. ಅದರ ತಾಮ್ರ ಎಲೆಗೆ ಅಂಟುವುದು ಒಂದಾದರೆ, ಹುಳಗಳಿಗೆ ರೋಗ ತರುವ ಬ್ಯೂವೇರಿಯಾದಂಥ ಒಳ್ಳೆಯ ಬೂಷ್ಟನ್ನೂ ಅದು ಅಡಗಿಸುತ್ತದೆ. ಬ್ಯೂವೇರಿಯಾ ಕೊಡುವವರು ಬೋರ್ಡೋ ಹಿಂದೆಯೇ ಕೊಟ್ಟು ‘ಪುಡಿ ನಕಲಿ’ ಅಂತ ಬೈಯುವುದುಂಟು. ಆಗುವುದಾದರೆ ಮದ್ದು ಹೊಡೆಯುವ ದಿನ ಹಿಪ್ಪಲಿ ಪಟ್ಟಿಯ ಮೇಲೆ ತಾಡಪಾಲು ಎಳೆಯಿರಿ.


ಕಾಳಿ ತೀರ (ಕಾರವಾರ)

ಕೊಯ್ಲಿನ ಬಗ್ಗೆ ಯಾರೂ ಮಾತಾಡಿಲ್ಲ, ಅಸಲಿ ನಷ್ಟ ಆಗುವುದು ಅಲ್ಲಿ. ತುಳಸಿಯನ್ನು ನೆಲದಿಂದ 15–20 ಸೆಂಟಿಮೀಟರ್ ಬಿಟ್ಟು ಕತ್ತರಿಸುತ್ತೇವೆ. ಮರಿ, ಕೋಶ, ಮೊಟ್ಟೆ ಎಲ್ಲಾ ಇರುವುದು ಅದರ ಮೇಲಿನ ಭಾಗದಲ್ಲಿ. ಒಂದೇ ದಿನ ಹತ್ತು ಗುಂಟೆ ಕೊಯ್ದರೆ ಒಳ್ಳೆಯವೆಲ್ಲ ಒಣಗಿಸುವ ಚಾಪೆ ಮೇಲೆ. ಬುಡದಲ್ಲಿ ಉಳಿದ ನಾಲ್ಕು ತಿಗಣೆಗೆ ಮುಂದಿನ ಎರಡು ತಿಂಗಳು ಕೇಳುವವರೇ ಇಲ್ಲ. ಎರಡನೇ ಕೊಯ್ಲಿಗೆ ತಿಗಣೆ ಜಾಸ್ತಿ ಬಂತು ಎನ್ನುವುದಕ್ಕೆ ಇದು ಕಾರಣ.

ಮೊದಲು ಶುದ್ಧವಾಗಿರುವ ಸಾಲುಗಳನ್ನು ಕೊಯ್ಯಿರಿ. ಮುತ್ತಿದ ನೂರೈವತ್ತು ಗಿಡಗಳನ್ನು ಹತ್ತು–ಹನ್ನೆರಡು ದಿನ ಹಿಂದಿಡಿ. ಕೊನೆಗೆ ಅವನ್ನು ಕತ್ತರಿಸುವಾಗ ಬಿಳಿ ಕುಡಿಗಳನ್ನು ಬೇರೆ ಮಾಡಿ. ಅಗಲದ ತಟ್ಟೆಯಲ್ಲಿ ಎರಡು ಬೆರಳು ಸೋಪಿನ ನೀರು, ನಡುವೆ ಒಂದು ಇಟ್ಟಿಗೆ, ಅದರ ಮೇಲೆ ಬಿದಿರ ಬುಟ್ಟಿ, ಬುಟ್ಟಿಯೊಳಗೆ ಗಾಯವಿಲ್ಲದ, ತೊಟ್ಟಿರುವ ಒಂದು ಸಿಹಿಗುಂಬಳ. ಬಿಳಿ ಕುಡಿಗಳನ್ನು ಕುಂಬಳದ ಮೇಲೆ ಸಡಿಲವಾಗಿ ಹರಡಿ ನೆರಳಿನಲ್ಲಿಡಿ. ಕುಡಿ ಒಣಗುತ್ತಿದ್ದಂತೆ ತಿಗಣೆ ಕುಂಬಳಕ್ಕೆ ಇಳಿಯುತ್ತವೆ, ಹಿಂದೆಯೇ ಮರಿಗಳೂ. ಹೊರಗೆ ಹರಿದ ತಿಗಣೆಮರಿ ನೀರಿಗೆ ಬೀಳುತ್ತವೆ. ದುಂಬಿಯಾದವು ಮಾತ್ರ ರೆಕ್ಕೆ ಇರುವುದರಿಂದ ಹಾರಿ ತಾಕಿಗೆ ಹೋಗುತ್ತವೆ. ಪ್ರಯೋಗಾಲಯಗಳಲ್ಲಿ ಕ್ರಿಪ್ಟೋಲೇಮಸ್ ಬೆಳೆಸುವುದೂ ಕುಂಬಳದ ಮೇಲಿನ ತಿಗಣೆಯಲ್ಲೇ. ಕೆಡುವುದು ಎರಡು ಕಾರಣಕ್ಕೆ: ಕುಂಬಳಕ್ಕೆ ಉಗುರು ತಾಗಿದ್ದರೆ ಕೊಳೆಯುತ್ತದೆ, ತಟ್ಟೆಯ ನೀರು ಆರಿದರೆ ಇರುವೆ ಹತ್ತುತ್ತದೆ.

ಕೊಯ್ಲಿನಲ್ಲಿ ಒಂದು ಸಾಲನ್ನು ಹೂವಿಗೆ ಬಿಡಿ. ಎಲೆಗಾಗಿ ಕದಿರು ಚಿವುಟುತ್ತ ಹೋದರೆ ಸಿರ್ಫಿಡ್ ನೊಣಕ್ಕೆ, ಹಸಿರು ಜಾಲರೆಕ್ಕೆ ಕೀಟಕ್ಕೆ ಮಕರಂದ, ಪರಾಗ ಇಲ್ಲ; ಅವುಗಳ ಮರಿ ಮಾಂಸಾಹಾರಿಯಾದರೂ ದೊಡ್ಡವು ಹೂವಿನ ಮೇಲೆ ಬದುಕುವವು. ಬದುವಿಗೆ ಕೊತ್ತಂಬರಿ, ಸಬ್ಬಸಿಗೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿದರೆ ಯಾವಾಗಲೂ ಒಂದಷ್ಟು ಹೂ ಇರುತ್ತದೆ. ಕರಾವಳಿಯ ಕಡೆ ಎಕ್ಕದ ಗಿಡವನ್ನೂ ಬಿಟ್ಟುಕೊಳ್ಳಬಹುದು. ಅದರ ಹಳದಿ ಹೇನಿನ ಮೇಲೆ ಗುಲಗಂಜಿ ಹುಳ ತುಂಬಿರುತ್ತವೆ.


ಅಘನಾಶಿನಿ ದಂಡೆ (ಕುಮಟಾ)

ಎಕ್ಕಕ್ಕೆ ಒಂದು ತಿದ್ದುಪಡಿ: ಮಧುನಾಶಿನಿ ಬೆಳೆಯುವವರು ಹತ್ತಿರ ಬಿಡಬೇಡಿ. ಎರಡೂ ಒಂದೇ ಕುಟುಂಬ, ಆ ಹಳದಿ ಹೇನು ಆ ಕುಟುಂಬದ ಗಿಡಗಳನ್ನೇ ಹುಡುಕುವುದು. ತುಳಸಿಗೆ ಭಯವಿಲ್ಲ.


ಸೊಪ್ಪಿನಬೆಟ್ಟ (ಶಿರಸಿ)

ಇರುವೆಗೆ ಕರಟ ಇವತ್ತೇ ಇಡುತ್ತೇನೆ. ಕೊಯ್ಲಿಗೆ ಬರುವ ಹೆಂಗಸರು ಬಿಳಿ ಕಂಡಲ್ಲೆಲ್ಲ ಉಜ್ಜಿ ಹಾಕುತ್ತಾರೆ, ಅದನ್ನು ತಪ್ಪಿಸುವುದು ಹೇಗೆ?


ಕಾಳಿ ತೀರ (ಕಾರವಾರ)

ಮೊದಲ ದಿನ ಅವರಿಗೂ ಆ ಕರಿ ತಟ್ಟೆ ತೋರಿಸಿ, ಓಡುವುದನ್ನು ಕಣ್ಣಾರೆ ನೋಡಲಿ. ಮುತ್ತಿದ ಗಿಡಕ್ಕೆ ಬಣ್ಣದ ಬಟ್ಟೆ ಚೂರು ಕಟ್ಟಿ, ‘ಬಟ್ಟೆ ಇದ್ದದ್ದು ಮುಟ್ಟುವುದು ಬೇಡ, ಕೊನೆಗೆ ಕೊಯ್ಯುವುದು’ ಅಂದರೆ ಸಾಕು. ಕೆಂಪು ಬೇಡ, ಎಣಿಕೆಯ ಗಿಡಕ್ಕೆ ಅದೇ ಬಣ್ಣದ ದಾರ ಕಟ್ಟಿರುತ್ತೀರಿ.